ಜಾರ್ ಬಿಸಾಕ್ಬೇಡಿ, ಬುಷ್ ಕೇಳಿ

ನಿಮ್ಮನೆ ಮಿಕ್ಸಿ ಜಾರ್ ಎತ್ತಿದ್ರೆ ಕೆಳಗೆ ಕಪ್ಪು ನೀರು ಅಂಟಿರುತ್ತಾ? ಚಟ್ನಿ ರುಬ್ಬೋವಾಗ ಬ್ಲೇಡ್ ಕರಕರ ಅಂತ ಕಿರುಚುತ್ತಾ? ಹಾಗಿದ್ರೆ ಬಹುತೇಕ ಜಾರ್ ಕೆಟ್ಟಿಲ್ಲ, ಬುಷ್ ಹೋಗಿದೆ.

ಬ್ಲೇಡ್ ಕೂತಿರೋ ಶಾಫ್ಟ್ ಇದ್ಯಲ್ಲ, ಅದು ತಿರುಗೋದು ಒಂದು ಪುಟ್ಟ ಲೋಹದ ಬಳೆಯೊಳಗೆ. ಅದೇ ಬುಷ್. ನಿಮಿಷಕ್ಕೆ ಸಾವಿರಾರು ಸುತ್ತು. ಮೇಲಿರೋ ವಾಷರ್ ಹಳೇದಾದ್ರೆ ನೀರು, ಉಪ್ಪು, ಹುಣಸೆ ರಸ ಎಲ್ಲಾ ಒಳಗಿಳಿಯುತ್ತೆ, ಎಣ್ಣೆ ಪಸೆ ತೊಳೆದುಹೋಗುತ್ತೆ, ಲೋಹಕ್ಕೆ ಲೋಹ ಉಜ್ಜಿ ಆ ಕಪ್ಪು ಬರುತ್ತೆ. ಸವೆಯೋದಕ್ಕೇ ಇಟ್ಟಿರೋ ಪಾರ್ಟ್ ಅದು, ಸೈಕಲ್ ಬ್ರೇಕ್ ರಬ್ಬರ್ ಥರ. ಬ್ರೇಕ್ ರಬ್ಬರ್ ಹೋಯ್ತು ಅಂತ ಯಾರಾದ್ರೂ ಸೈಕಲ್ ಬಿಸಾಕ್ತಾರಾ?

ಆದ್ರೆ ಸರ್ವಿಸ್ ಕೌಂಟರಲ್ಲಿ ಕೇಳಿ ನೋಡಿ. "ಸ್ಪೇರ್ ಬರಲ್ಲ ಮೇಡಂ, ಹೊಸ ಜಾರ್ ತಗೊಳ್ಳಿ."

ಬಿಕಾಂ ಓದೋರಿಗೆ ಇದು ಬೇಗ ಅರ್ಥ ಆಗ್ಬೇಕು. ರಿಪೇರಿ ರೆವಿನ್ಯೂ ಖರ್ಚು, ಹೊಸ ಆಸ್ತಿ ಕ್ಯಾಪಿಟಲ್ ಖರ್ಚು ಅಂತ ಬರೆದು ಮಾರ್ಕ್ಸ್ ತಗೋತೀವಲ್ವಾ? ಬುಷ್ ಮಾರದೆ ಜಾರ್ ಮಾತ್ರ ಮಾರೋ ಕಂಪನಿ ನಮ್ಮಮ್ಮಂದಿರ ಸಣ್ಣ ರೆವಿನ್ಯೂ ಖರ್ಚನ್ನ ಬಲವಂತವಾಗಿ ಕ್ಯಾಪಿಟಲ್ ಮಾಡಿಸ್ತಿದೆ. ಚೂರೂ ಸವೆಯದ ಸ್ಟೀಲು, ಹಿಡಿ, ಮುಚ್ಚಳಕ್ಕೆಲ್ಲಾ ಇನ್ನೊಂದ್ಸಲ ದುಡ್ಡು. ಇಂಥ ಜಾರ್‌ಗೆ ಬುಷ್ ಹಾಕೋದ್ರಿಂದ ಕೂಲಿ ಗಿಟ್ಟಲ್ಲ ಅಂತಾರೆ. ಸರಿ, ನೀವು ಹಾಕ್ಬೇಡಿ. ಪಾರ್ಟ್ ಮಾರಿ, ಹಾಕೋರು ಇದ್ದಾರೆ.

ಕಾಮಾಕ್ಷಿಪಾಳ್ಯದಲ್ಲಿ ಒಂದು ಸಂಜೆ ನಡೆದು ನೋಡಿ, ಆ ಗಲ್ಲಿಗಳಲ್ಲಿ ಲೇತ್ ಸದ್ದು ನಿಲ್ಲಲ್ಲ. ಆ ಕಡೆ ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾ, ಇನ್ನೂ ಮುಂದೆ ಪೀಣ್ಯ. ದೊಡ್ಡ ಮಷೀನಿಗೆ ಬುಷ್ ಕಡೆದು ಕೊಡೋ ಊರಿದು. ಇಲ್ಲೇ ಒಂದು ಮಿಕ್ಸಿ ಬುಷ್ ಸಿಗಲ್ಲ ಅಂದ್ರೆ ಹೆಂಗ್ ನಂಬೋದು?

ತಮಾಷೆ ಏನ್ ಗೊತ್ತಾ? ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ರಿಪೇರಿ ಸಿಗದೇ ಇದ್ದಾಗ. 1960ರ ದಶಕದಲ್ಲಿ ಮಾಧುರಿ ಮಾಥುರ್ ಅವರ ಮನೆಯ ಜರ್ಮನ್ ಬ್ರಾನ್ ಮಿಕ್ಸರ್ ಸುಟ್ಟುಹೋಯ್ತು, ಸರಿಮಾಡೋರು ಇರಲಿಲ್ಲ. ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಗಂಡ ಸತ್ಯಪ್ರಕಾಶ್ ಮಾಥುರ್ ನಮ್ಮ ಮಸಾಲೆ ತಡೆಯೋ ಮೋಟಾರ್ ಇಟ್ಟು ಹೊಸದೇ ಮಾಡಿದ್ರು. ಅದೇ ಸುಮೀತ್.

ಹಂಗಂತ ರಿಪೇರಿ ಹೆಸರಲ್ಲಿ ಏನ್ ಮಾಡಿದ್ರೂ ನಡೆಯುತ್ತೆ ಅಂತಲ್ಲ. ಬ್ಲೇಡ್ ಅಲ್ಲಾಡ್ತಿದೆ ಅಂತ ಗಮ್ ಹಾಕಿ ಕೂರಿಸೋರ ಹತ್ರ ಜಾರ್ ಕೊಡ್ಬೇಡಿ, ಅದರಲ್ಲಿ ನೀವು ತಿನ್ನೋದು ರುಬ್ತೀರಾ. ಶಾಫ್ಟ್ ಸವೆದು ಗೀರು ಬಿದ್ದಿದ್ರೆ ಬುಷ್ ಒಂದೇ ಬದಲಾಯಿಸಿ ಪ್ರಯೋಜನ ಇಲ್ಲ, ಆ ಗೀರು ಹೊಸ ಬುಷ್ಷನ್ನೂ ತಿನ್ನುತ್ತೆ. ಶಾಫ್ಟ್, ಬುಷ್, ವಾಷರ್ ಒಟ್ಟಿಗೆ ಹಾಕ್ಸಿ. ಹಳೇ ಪಾರ್ಟ್ ಕೈಗೆ ಕೊಡಿ ಅಂತ ಕೇಳಿ. ಜಾರ್ ತಳವೇ ಸೀಳಿದ್ರೆ ಮಾತ್ರ ಗುಜರಿಗೆ ಹಾಕಿ. ಮನೇಲೇ ಬಿಚ್ಚೋರಿಗೆ ಒಂದ್ ಮಾತು: ತುಂಬಾ ಜಾರ್‌ಗಳಲ್ಲಿ ಕಪ್ಲರ್ ಥ್ರೆಡ್ ಉಲ್ಟಾ ಇರುತ್ತೆ, ಸುಮ್ನೆ ಬಲ ಹಾಕ್ಬೇಡಿ.

ಫ್ರಾನ್ಸಲ್ಲಿ 2021ರಿಂದ ಫೋನ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮಷೀನ್, ಅಷ್ಟೇ ಯಾಕೆ, ಹುಲ್ಲು ಕತ್ತರಿಸೋ ಮಷೀನಿಗೂ 10ಕ್ಕೆ ಇಷ್ಟು ಅಂತ ರಿಪೇರಿ ಅಂಕ ಹಾಕೋದು ಕಡ್ಡಾಯ ಆಯ್ತು. ಸ್ಪೇರ್ ಸಿಗುತ್ತಾ, ಬೆಲೆ ಎಷ್ಟು ಅನ್ನೋದೂ ಆ ಅಂಕದಲ್ಲಿ ಸೇರಿದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರಿ ಪೋರ್ಟಲ್ ತೆರೀತು. ಒಳ್ಳೇದೇ. ಆದ್ರೆ ಮಿಕ್ಸಿ ಡಬ್ಬದ ಮೇಲೆ ವ್ಯಾಟ್ ಎಷ್ಟು ಅಂತ ದೊಡ್ಡದಾಗಿ ಬರೆಯೋರು ಬುಷ್ ಎಲ್ಲಿ ಸಿಗುತ್ತೆ, ಎಷ್ಟು ವರ್ಷ ಸಿಗುತ್ತೆ ಅಂತಾನೂ ಬರೀಲಿ. ವಾರಂಟಿ ಮುಗಿದ ಮೇಲೇನೇ ಅದು ಬೇಕಾಗೋದು.

ನಿಮ್ಮ ಏರಿಯಾದಲ್ಲಿ ಜಾರ್ ಬುಷ್ ಹಾಕಿಕೊಡೋ ಅಂಗಡಿ ಯಾವ ಕ್ರಾಸಲ್ಲಿದೆ ಅಂತ ಕಾಮೆಂಟ್ ಹಾಕಿ. ವಿಜಯನಗರ, ಬಸವೇಶ್ವರನಗರ, ಕೆಂಗೇರಿಯವರು ಮೊದ್ಲು ಶುರು ಮಾಡಿ, ಎಲ್ಲಾ ಸೇರಿಸಿ ಮುಂದಿನ ಪೋಸ್ಟಲ್ಲಿ ಹಾಕ್ತೀನಿ.