ಶಾಲೆಯ ದಾರಿಯ ಹೊಣೆ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನ, ಊರು ಎಲ್ಲಕ್ಕೂ ಒಂದೊಂದು ಕಾಲಂ ಉಂಟು. ಆ ಊರು ಶಾಲೆಯಿಂದ ಎಷ್ಟು ದೂರವಿದೆ, ಆ ದೂರವನ್ನು ಮಗು ದಿನನಿತ್ಯ ಹೇಗೆ ಕ್ರಮಿಸುತ್ತದೆ ಎಂಬ ವಿವರ ಮಾತ್ರ ಆ ಪುಟದಲ್ಲಿ ಕಾಣಸಿಗುವುದು ಅಪರೂಪ. ಗ್ರಾಮಾಂತರ ಪ್ರದೇಶಗಳಲ್ಲಿ ಓದು ಅರ್ಧಕ್ಕೆ ನಿಂತ ಎಷ್ಟೋ ಮಕ್ಕಳ ಕಥೆ ಆ ಬರೆಯದ ಕಾಲಂನಲ್ಲಿಯೇ ಅಡಗಿರುವುದುಂಟು. ಬುದ್ಧಿ ಸಾಲದೆ ಶಾಲೆ ಬಿಟ್ಟವರ ಬಗೆಗೆ ಸಭೆಗಳಲ್ಲಿ ಚರ್ಚೆ ನಡೆಯುತ್ತದೆ. ಬಸ್ಸು ಸಾಲದೆ ಶಾಲೆ ಬಿಟ್ಟವರ ಬಗೆಗೆ ಯಾರೂ ಮಾತೆತ್ತುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವಯಸ್ಸಿನ ಮಕ್ಕಳಿಗೆ ಅನ್ವಯಿಸುವಂಥದು. ಅದರ ಕೇಂದ್ರ ನಿಯಮಗಳು 1ರಿಂದ 5ನೆಯ ತರಗತಿಯ ಶಾಲೆ 1 ಕಿಲೋಮೀಟರಿನೊಳಗೂ 6ರಿಂದ 8ನೆಯ ತರಗತಿಯ ಶಾಲೆ 3 ಕಿಲೋಮೀಟರಿನೊಳಗೂ ಇರಬೇಕೆಂದು ವಿಧಿಸಿದುವು. ಪ್ರೌಢಶಾಲೆಗೆ ಬಂದಾಗ ಕಾಯಿದೆಯ ಕೈ ಅಲ್ಲಿಗೆ ನಿಲ್ಲುತ್ತದೆ. ಅದೇ ವರ್ಷ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನವು 5 ಕಿಲೋಮೀಟರಿನ ಅಳತೆಯನ್ನು ಗುರಿಯಾಗಿ ಇರಿಸಿಕೊಂಡಿತು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಪುಸ್ತಕದ ಚೀಲ ಹೊತ್ತು ಕಾಲ್ನಡಿಗೆಯಲ್ಲಿ ಹೊರಟರೆ ಈ ದೂರಕ್ಕೆ ಒಂದು ಗಂಟೆಗೂ ಮಿಕ್ಕಿದ ಸಮಯ ಬೇಕು. ಸೈಕಲ್ಲಿನ ಮೇಲಾದರೆ ಅರ್ಧ ಗಂಟೆ. ಬಸ್ಸಿನಲ್ಲಾದರೆ ಕಾಲು ಗಂಟೆ. ದೂರವು ಒಂದೇ ಆದರೂ ಬೆಳಗಿನ ಮನೆಗೆಲಸ ಮುಗಿಸಿ ಹೊರಡಬೇಕಾದ ಮಗುವಿಗೆ ಈ ವ್ಯತ್ಯಾಸವು ಓದಿಗೂ ಓದಿಲ್ಲದಿರುವಿಕೆಗೂ ನಡುವಣ ವ್ಯತ್ಯಾಸವಾಗಿ ಪರಿಣಮಿಸಬಲ್ಲದು.

ಹಿಂದಿನ ತಲೆಮಾರು ಈ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಎದುರಿಸಿತು. ರಸ್ತೆಯೂ ವಾಹನವೂ ಇಲ್ಲದ ಕಾಲದಲ್ಲಿ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದು, ಹಳ್ಳಿಯ ಬಾಲಕನನ್ನು ಶಾಲೆಯ ಬಳಿಗೇ ಕರೆತಂದು ಇರಿಸಿಕೊಂಡುವು. ಅದರಿಂದ ನಾಡಿಗಾದ ಉಪಕಾರ ಸಾಮಾನ್ಯವಾದುದಲ್ಲ. ಆದರೆ ಆ ನಿಲಯಗಳಲ್ಲಿ ಬಹುಕಾಲ ಬಾಲಕರಿಗೇ ಸ್ಥಾನವಿದ್ದಿತೆಂಬುದನ್ನೂ ನೆನೆಯಬೇಕು. ಮಗಳನ್ನು ಮನೆಯ ಹೊರಗೆ ಇರಿಸಲೊಲ್ಲದ ತಂದೆತಾಯಿಯರಿಗೆ ಬೆಳಗ್ಗೆ ಹೋಗಿ ಸಂಜೆ ಮರಳುವ ದಾರಿಯೊಂದೇ ಒಪ್ಪಿತವಾಗಿದ್ದಿತು. ಬಹುಮಂದಿಗೆ ಇಂದಿಗೂ ಹಾಗೆಯೇ. ಆದುದರಿಂದ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಪ್ರಶ್ನೆಯು ಬಹುಮಟ್ಟಿಗೆ ಸಾರಿಗೆಯ ಪ್ರಶ್ನೆಯೇ ಆಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಸರ್ಕಾರಿ ಬಸ್ಸು ಹಳ್ಳಿಗೆ ಬಂದ ಬಗೆಯೂ ಸ್ಮರಣೀಯ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಕಾರ್ಯಾರಂಭ ಮಾಡಿತು. ಏಕೀಕರಣದ ತರುವಾಯ ಮುಂಬಯಿ ಪ್ರಾಂತ, ಹೈದರಾಬಾದು ಸಂಸ್ಥಾನಗಳಿಂದ ಬಂದ ಭಾಗಗಳ ಸಾರಿಗೆಯೂ ಕೂಡಿಕೊಂಡು, 1961ರ ಆಗಸ್ಟ್ 1ರಂದು ಅದು ಸ್ವತಂತ್ರ ಸಂಸ್ಥೆಯಾಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಕರ್ನಾಟಕದ ಸಂಸ್ಥೆ ಬೇರೆಯಾಯಿತು. ಇವು ಸರ್ಕಾರದ ಕಡತದ ಸಂಗತಿಗಳು. ಹಳ್ಳಿಯ ಕಡೆಯ ಸಂಗತಿಯೇ ಬೇರೆ. ಬಸ್ಸು ಬೇಕೆಂದರೆ ಮೊದಲು ರಸ್ತೆ ಬೇಕು. ರಸ್ತೆಗೆ ಊರವರು ಶ್ರಮದಾನ ಮಾಡಿದರು, ಹೊಲದ ಅಂಚನ್ನು ಬಿಟ್ಟುಕೊಟ್ಟರು. ಮನವಿ ಹಿಡಿದು ಡಿಪೋಕ್ಕೆ ಅಲೆದರು. ಬಸ್ಸು ಬಂದ ದಿನ ಅದಕ್ಕೆ ಮಾವಿನ ತೋರಣ ಕಟ್ಟಿ ಕಾಯಿ ಒಡೆದರು. ಉತ್ತರ ಕರ್ನಾಟಕದಲ್ಲಿ ವಸ್ತಿ ಬಸ್ಸು ಎಂದು ಕರೆಯಲ್ಪಡುವ, ರಾತ್ರಿ ಊರಿನಲ್ಲಿಯೇ ತಂಗಿ ಬೆಳಗಿನ ಜಾವ ಹೊರಡುವ ಬಸ್ಸಂತೂ ಊರಿನ ಅತಿಥಿಯೇ ಆಗಿದ್ದಿತು. ಚಾಲಕ ನಿರ್ವಾಹಕರಿಗೆ ರೊಟ್ಟಿ ಪಲ್ಯ ಒದಗಿಸುವ ಮನೆಗಳಿದ್ದುವು, ಮಲಗಲು ಗುಡಿಯ ಕಟ್ಟೆಯಿದ್ದಿತು. ಬಸ್ಸು ಸರ್ಕಾರದ್ದಾಗಿದ್ದರೂ ಅದರ ಯೋಗಕ್ಷೇಮದ ಹೊಣೆ ಊರಿನದಾಗಿದ್ದಿತು.

ಆ ಹೊಣೆ ಯಾವಾಗ ಸಡಿಲಾಯಿತು? ಊರಿನಲ್ಲಿ ಮಾತು ನಡೆಯುವವರ ಅಂಗಳಕ್ಕೆ ಮೋಟಾರು ಸೈಕಲ್ಲು ಬಂದಾಗ ಎಂಬುದೇ ಈ ಪ್ರಶ್ನೆಗೆ ನೇರವಾದ ಉತ್ತರ. ಒಂದು ಕಾಲಕ್ಕೆ ಪಂಚಾಯಿತಿಯ ಅಧ್ಯಕ್ಷ, ಶಾಲಾ ಮಾಸ್ತರ, ಸೊಸೈಟಿಯ ಕಾರ್ಯದರ್ಶಿ, ದವಸದ ವ್ಯಾಪಾರಿ ಎಲ್ಲರೂ ಅದೇ ಬಸ್ಸಿಗೆ ಕಾಯುತ್ತಿದ್ದರು. ಬಸ್ಸು ಎರಡು ದಿನ ತಪ್ಪಿದರೆ ಮೂರನೆಯ ದಿನ ಡಿಪೋದ ಬಾಗಿಲಲ್ಲಿ ನಾಲ್ಕು ಜನ ನಿಂತಿರುತ್ತಿದ್ದರು. ಇಂದು ಅವರೆಲ್ಲರಿಗೂ ಸ್ವಂತ ವಾಹನವುಂಟು. ಬಸ್ಸಿಗೆ ಕಾದು ನಿಲ್ಲುವವರು ವಿದ್ಯಾರ್ಥಿಗಳು, ಮುದುಕರು, ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಆಸ್ಪತ್ರೆಗೆ ಹೊರಟ ರೋಗಿಗಳು. ಇವರ ದೂರು ಡಿಪೋದವರೆಗೆ ತಲುಪುವುದಿಲ್ಲ; ತಲುಪಿದರೂ ಅದಕ್ಕೆ ತೂಕವಿರುವುದಿಲ್ಲ. ವಾಹನ ಕೊಂಡವರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ತಮಗೆ ಬೇಡವಾದ ಕ್ಷಣದಲ್ಲಿಯೇ ಅದು ಊರಿಗೂ ಬೇಡವಾಯಿತೆಂದು ಬಗೆದುದೇ ಆಕ್ಷೇಪಾರ್ಹ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ನಾಲ್ಕೂ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಬಸ್ಸುಗಳು ತುಂಬಿ ತುಳುಕಿದುವು. ಬೆಳಗಿನ ಹೊತ್ತು ವಿದ್ಯಾರ್ಥಿಗಳಿಗೆ ಕಾಲಿಡಲೂ ಸ್ಥಳವಿಲ್ಲದಂತಾಯಿತೆಂಬ ದೂರು ಅನೇಕ ತಾಲ್ಲೂಕುಗಳಿಂದ ಕೇಳಿಬಂದಿತು. ಇದನ್ನು ಯೋಜನೆಯ ದೋಷವೆಂದು ಬಣ್ಣಿಸಿದವರುಂಟು. ಅದು ಸರಿಯಾದ ನಿದಾನವಲ್ಲ. ಇಷ್ಟು ಮಂದಿಗೆ ಪ್ರಯಾಣದ ಅಗತ್ಯವಿದ್ದಿತು, ಟಿಕೇಟಿನ ಹಣವಿಲ್ಲದೆ ಅದು ಅಡಗಿದ್ದಿತು ಎಂಬ ಸತ್ಯವನ್ನು ಯೋಜನೆ ಬಯಲು ಮಾಡಿತು, ಅಷ್ಟೆ. ಆ ಅಗತ್ಯಕ್ಕೆ ತಕ್ಕಷ್ಟು ಬಸ್ಸುಗಳನ್ನು ಕೇಳಿ ಪಡೆಯುವ ಕೆಲಸ ಮಾತ್ರ ಉಳಿಯಿತು.

ಇನ್ನು ಸೈಕಲ್ಲಿನ ವಿಚಾರ. 2006-07ರಲ್ಲಿ ಕರ್ನಾಟಕ ಸರ್ಕಾರವು 8ನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಸೈಕಲ್ ವಿತರಿಸುವ ಯೋಜನೆಯನ್ನು ಕೈಗೊಂಡಿತು. ಮೊದಲು ಬಡ ಕುಟುಂಬದ ಬಾಲಕಿಯರಿಗೆ, ಬಳಿಕ ಬಾಲಕರಿಗೂ ಅದು ವಿಸ್ತರಿಸಿತು. ಅದೇ 2006ರಲ್ಲಿ ಬಿಹಾರ ಸರ್ಕಾರವು 9ನೆಯ ತರಗತಿಯ ಬಾಲಕಿಯರಿಗೆ ಸೈಕಲ್ ಕೊಳ್ಳಲು ಹಣ ನೀಡತೊಡಗಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಬಿಹಾರದ ಪ್ರಯೋಗವನ್ನು ಪರಿಶೀಲಿಸಿದಾಗ, ಪ್ರೌಢಶಾಲೆಗೆ ಸೇರುವ ಬಾಲಕಿಯರ ಪ್ರಮಾಣ ಸುಮಾರು ಶೇಕಡ 30ರಷ್ಟು ಏರಿದುದು ಕಂಡುಬಂದಿತು. ಶಾಲೆಯು 3 ಕಿಲೋಮೀಟರಿಗೂ ಹೆಚ್ಚು ದೂರವಿದ್ದ ಹಳ್ಳಿಗಳಲ್ಲಿಯೇ ಈ ಏರಿಕೆ ಅಧಿಕವಾಗಿದ್ದಿತು. ದೂರವೇ ಅಡ್ಡಿ ಎಂಬ ಮಾತಿಗೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಾಗಿಲ್ಲ.

ಕರ್ನಾಟಕದ ಯೋಜನೆಯಲ್ಲಿ ಬಸ್ ಪಾಸ್ ಪಡೆದವರನ್ನೂ ವಿದ್ಯಾರ್ಥಿ ನಿಲಯಗಳಲ್ಲಿ ಇರುವವರನ್ನೂ ಹೊರತುಪಡಿಸಲಾಗಿದ್ದಿತು. ಖರ್ಚಿನ ದೃಷ್ಟಿಯಿಂದ ಇದು ಸಹಜವಾಗಿ ತೋರಬಹುದು. ಆದರೆ ಸೈಕಲ್ಲು ಬೇಕೋ ಬಸ್ಸು ಬೇಕೋ ಎಂದು ಕೇಳುವ ಈ ರೀತಿಯಲ್ಲಿಯೇ ಒಂದು ತಪ್ಪು ತಿಳಿವಳಿಕೆ ಇದೆ. ಬಸ್ಸು ಮುಖ್ಯರಸ್ತೆಯ ಕ್ರಾಸಿನಲ್ಲಿ ನಿಲ್ಲುತ್ತದೆ. ಮನೆಯು ಕ್ರಾಸಿನಿಂದ ಎರಡು ಮೂರು ಕಿಲೋಮೀಟರು ಒಳಗೆ, ತೋಟದ ವಸತಿಯಲ್ಲಿಯೋ ತಾಂಡಾದಲ್ಲಿಯೋ ಇರುತ್ತದೆ. ಅಲ್ಲಿಂದ ಕ್ರಾಸಿನವರೆಗೆ ಸೈಕಲ್ಲು, ಕ್ರಾಸಿನಿಂದ ಶಾಲೆಯವರೆಗೆ ಬಸ್ಸು ಎಂದಾದರೆ ಮಾತ್ರ ಆ ಮಗುವಿನ ದಾರಿ ಪೂರ್ಣವಾಗುತ್ತದೆ. ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾದ ಮಗುವಿಗೆ ಅರ್ಧ ದಾರಿ ಮಾತ್ರ ದೊರೆತಂತೆ.

2020ರ ಸಾಂಕ್ರಾಮಿಕದ ತರುವಾಯ ಸೈಕಲ್ ವಿತರಣೆ ನಿಂತುಹೋಯಿತು. ಅದು ನಿಂತಾಗ ಎಷ್ಟು ಗ್ರಾಮಸಭೆಗಳು ಠರಾವು ಮಾಡಿದುವು, ಎಷ್ಟು ಪಾಲಕರ ಸಭೆಗಳು ಪ್ರಶ್ನಿಸಿದುವು ಎಂದು ವಿಚಾರಿಸುವುದು ಉಚಿತ. ಕೊಟ್ಟ ಸೈಕಲ್ಲುಗಳ ಗತಿಯೂ ವಿಚಾರಾರ್ಹವೇ. ಚೇನು ಕಳಚಿದ, ಬ್ರೇಕು ಸವೆದ ಸೈಕಲ್ಲನ್ನು ಗೋಡೆಗೆ ಒರಗಿಸಿ ಕೈಬಿಟ್ಟ ಮನೆಗಳುಂಟು. ಒಂದು ಕಾಲಕ್ಕೆ ದೊಡ್ಡ ಊರುಗಳ ಪೇಟೆಯಲ್ಲಿ ತಾಸಿನ ಲೆಕ್ಕದಲ್ಲಿ ಸೈಕಲ್ಲು ಬಾಡಿಗೆಗೆ ಕೊಡುವ ಅಂಗಡಿಗಳಿದ್ದುವು. ಸೀಟು ಎಟುಕದ ಹುಡುಗರು ಒಳಪೆಡಲು ತುಳಿದು ಕಲಿತದ್ದು ಅಲ್ಲಿಯೇ. ಪಂಕ್ಚರ್ ಹಾಕುವುದನ್ನು ನೋಡಿ ಕಲಿತದ್ದೂ ಅಲ್ಲಿಯೇ. ಅವು ಮುಚ್ಚಿದ ಮೇಲೆ ಆ ವಿದ್ಯೆಯೂ ಹೋಯಿತು.

ಸಮುದಾಯವು ಮನಸ್ಸು ಮಾಡಿದರೆ ಏನಾಗಬಲ್ಲದೆಂಬುದಕ್ಕೆ ನೆರೆಯ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯನ್ನು ನೋಡಬೇಕು. 1991ರಲ್ಲಿ ಅಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನ ನಡೆಯಿತು. ರಾತ್ರಿ ಪಾಠಶಾಲೆಗೆ ಹೋಗಿಬರಬೇಕಾದ ಕಾರ್ಯಕರ್ತೆಯರಿಗೆ ವಾಹನವಿಲ್ಲದೆ ಕೆಲಸ ಸಾಗದು. ಆಗಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರು ಸೈಕಲ್ ಸವಾರಿಯನ್ನೂ ಅಕ್ಷರದ ಜೊತೆಯ ಪಾಠವಾಗಿ ಸೇರಿಸಿದರು. ಸೈಕಲ್ಲು ಕೊಳ್ಳಲು ಬ್ಯಾಂಕುಗಳಿಂದ ಸಾಲವನ್ನೂ ಕೊಡಿಸಿದರು. ಜಲ್ಲಿಯ ಕ್ವಾರಿಗಳಲ್ಲಿ ದುಡಿಯುವವರು, ಹೊಲದ ಕೂಲಿಗಳು, ಅಂಗನವಾಡಿಯವರು, ಹಳ್ಳಿಯ ದಾದಿಯರು ಸೈಕಲ್ಲು ಹತ್ತಿದರು. ಮೊದಲು ಕಲಿತವರು ಉಳಿದವರಿಗೆ ಕಲಿಸಿದರು. ಪತ್ರಕರ್ತ ಪಿ. ಸಾಯಿನಾಥ್ ಅವರು ಅಲ್ಲಿಗೆ ಹೋಗಿ ಬರೆದ ವರದಿಯ ಪ್ರಕಾರ ಸೈಕಲ್ಲು ಕಲಿತ ಗ್ರಾಮೀಣ ಮಹಿಳೆಯರ ಸಂಖ್ಯೆ ಒಂದು ಲಕ್ಷವನ್ನು ಮೀರಿದ್ದಿತು. ಹೆಂಗಸರ ಸೈಕಲ್ಲುಗಳು ಸಾಲದೆ ಅವರು ಗಂಡಸರ ಸೈಕಲ್ಲುಗಳನ್ನೇ ಕೊಂಡರು. ಅದರ ಅಡ್ಡ ಪಟ್ಟಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಕೆಲವರಿಗೆ ಅದೇ ಮೆಚ್ಚಿಕೆಯಾಯಿತು. ಹಾಸ್ಯ, ಕುಹಕ, ಚಾರಿತ್ರ್ಯದ ಮೇಲಿನ ಮಾತು ಎಲ್ಲವನ್ನೂ ಅವರು ಕೇಳಬೇಕಾಯಿತು. ಆದರೆ ಒಬ್ಬಳ ಮೇಲೆ ಆಡಬಹುದಾದ ಮಾತನ್ನು ಊರಿಗೆ ಊರೇ ಸವಾರಿ ಮಾಡುವಾಗ ಆಡುವುದು ಕಷ್ಟ.

ಪುದುಕ್ಕೋಟೆಯಲ್ಲಿ ಕಾಣಬೇಕಾದದ್ದು ಇನ್ನೊಂದುಂಟು. ದಿನಕ್ಕೆ ಒಂದೆರಡು ಸಲ ಬರುವ ಬಸ್ಸಿಗಾಗಿ ಸರಕು ಸಮೇತ ತಾಸುಗಟ್ಟಲೆ ಕಾಯುತ್ತಿದ್ದ ಹೆಂಗಸರು ಸೈಕಲ್ಲು ಬಂದ ಮೇಲೆ ತಮ್ಮ ಸಮಯಕ್ಕೆ ತಾವೇ ಒಡೆಯರಾದರು. ಸರ್ಕಾರ ಸೈಕಲ್ಲನ್ನು ಹಂಚಿ ಕೈತೊಳೆದುಕೊಳ್ಳಲಿಲ್ಲ; ಕಲಿಸುವವರು, ಸಾಲ ಕೊಡುವವರು, ಜೊತೆಗೆ ಸವಾರಿ ಮಾಡುವವರು ಇದ್ದರು.

ನಗರಗಳಲ್ಲಿಯೂ ಪ್ರಯತ್ನಗಳು ನಡೆದಿವೆ. ಬೆಂಗಳೂರಿನಲ್ಲಿ 2010ರಲ್ಲಿ ಪ್ರತಿ ತಿಂಗಳ 4ನೆಯ ತಾರೀಖನ್ನು ಬಸ್ ದಿನವೆಂದು ಸಾರಿ ಸ್ವಂತ ವಾಹನವುಳ್ಳವರನ್ನು ಬಸ್ಸಿಗೆ ಆಹ್ವಾನಿಸಲಾಯಿತು. 2013ರಲ್ಲಿ ಕಬ್ಬನ್ ಉದ್ಯಾನದಲ್ಲಿ ಆರಂಭವಾದ ಸೈಕಲ್ ದಿನವು ಬಡಾವಣೆಗಳ ನಿವಾಸಿ ಸಂಘಗಳ ನೆರವಿನಿಂದ ಬೀದಿಬೀದಿಗೂ ಹಬ್ಬಿತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನ ಸಾರ್ವಜನಿಕ ಸೈಕಲ್ ವ್ಯವಸ್ಥೆ 450 ಸೈಕಲ್ಲುಗಳೊಡನೆ ಆರಂಭವಾಯಿತು. ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಲ್ಲಿ ಓಡತೊಡಗಿದ ‘ಚಿಗರಿ’ ಬಸ್ಸುಗಳಿಗೆ ಪ್ರತ್ಯೇಕ ಪಥವನ್ನೇ ಕಟ್ಟಲಾಯಿತು. ಆ ಪಥವನ್ನು ಇತರ ವಾಹನಗಳಿಗೂ ತೆರೆಯಬೇಕೆಂಬ ಕೂಗು ಬಳಿಕ ಅವಳಿ ನಗರದಲ್ಲಿ ಎದ್ದಿತು. ಮಳೆನೀರು ನಿಲ್ಲುವುದು, ಪಕ್ಕದ ರಸ್ತೆ ಇಕ್ಕಟ್ಟಾದುದು ಇವೆಲ್ಲ ನಿಜವಾದ ತೊಂದರೆಗಳೇ. ಆದರೂ ಆ ವಾಗ್ವಾದದಲ್ಲಿ ಕಾರಿನವರ ದನಿ ಕೇಳಿಸಿದಷ್ಟು ಬಸ್ಸಿನೊಳಗೆ ನಿಂತವರ ದನಿ ಕೇಳಿಸಲಿಲ್ಲ.

ಸೈಕಲ್ಲಿನ ಮಾತು ಬಂದಾಗ ತಂದೆತಾಯಿಯರು ಮೊದಲು ಹೇಳುವುದು ಅಪಾಯದ ಮಾತನ್ನು. ಅದನ್ನು ಹೇಡಿತನವೆಂದು ತಳ್ಳಿಹಾಕಲಾಗದು. ಅಗಲವಾದ ಹೆದ್ದಾರಿಯಲ್ಲಿ ಲಾರಿಗಳ ಬದಿಗೆ ಮಗುವನ್ನು ಬಿಡಲು ಯಾವ ತಾಯಿಗೂ ಧೈರ್ಯವಾಗದು. ಆದರೆ ಅಪಾಯವಿರುವುದು ಸೈಕಲ್ಲಿನಲ್ಲಲ್ಲ, ರಸ್ತೆಯಲ್ಲಿ. ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ದೇಶದಲ್ಲಿ 1971ನೆಯ ಒಂದೇ ವರ್ಷ ರಸ್ತೆಯ ಮೇಲೆ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲಿಯೇ ಪಾಲಕರು ಸಂಘ ಕಟ್ಟಿ ಬೀದಿಗಿಳಿದರು. 1977ರಲ್ಲಿ ಗ್ರೋನಿಂಗೆನ್ ನಗರವು ತನ್ನ ನಡುಪೇಟೆಯಲ್ಲಿ ಕಾರುಗಳು ಅಡ್ಡಹಾಯದಂತೆ ಸಂಚಾರ ಕ್ರಮವನ್ನೇ ಬದಲಿಸಿತು. ಆ ನಾಡಿನ ಸೈಕಲ್ ದಾರಿಗಳ ಹಿಂದೆ ತಾಯ್ತಂದೆಯರ ಹಟವಿದ್ದಿತು.

ಇಲ್ಲಿನ ಹಳ್ಳಿಗಳಿಗೆ ಅಷ್ಟು ದೊಡ್ಡ ಹೋರಾಟವೂ ಬೇಕಾಗಿಲ್ಲ. ಗ್ರಾಮಸಭೆಯ ಠರಾವಿನಲ್ಲಿ ಯಾವ ಊರಿನಿಂದ ಎಷ್ಟು ಮಕ್ಕಳು, ಯಾವ ಹೊತ್ತಿಗೆ ಎಂಬ ಪಟ್ಟಿಯನ್ನು ಸೇರಿಸಿ ಕಳುಹಿದರೆ ಘಟಕ ವ್ಯವಸ್ಥಾಪಕರು ಅದನ್ನು ಬರಿಯ ಮನವಿಯಂತೆ ಬದಿಗಿರಿಸುವುದು ಸುಲಭವಲ್ಲ. ಕ್ರಾಸಿನಲ್ಲಿ ಹತ್ತು ತಗಡಿನ ನೆರಳು ಮತ್ತು ಬೀಗ ಹಾಕಲು ಒಂದು ಕಬ್ಬಿಣದ ಸರಳಿದ್ದರೆ ಸೈಕಲ್ಲುಗಳನ್ನು ನಿಲ್ಲಿಸಿ ಮಕ್ಕಳು ಬಸ್ಸು ಹತ್ತಬಲ್ಲರು. ಪಕ್ಕದ ಚಹಾದ ಅಂಗಡಿಯವನು ಅವುಗಳ ಮೇಲೊಂದು ಕಣ್ಣಿಟ್ಟಾನು. ಶನಿವಾರ ಶಾಲೆ ಬಿಟ್ಟ ಮೇಲೆ ಊರಿನ ಸೈಕಲ್ ರಿಪೇರಿಯವನನ್ನು ಕರೆಸಿ ಮಕ್ಕಳಿಗೆ ಚೇನು ಏರಿಸುವುದು, ಪಂಕ್ಚರ್ ಹಚ್ಚುವುದು ಕಲಿಸಿದರೆ ಅದಕ್ಕೆ ಅನುದಾನವೂ ಬೇಡ. ಶಾಲಾಭಿವೃದ್ಧಿ ಸಮಿತಿಗಳೂ ಅನುದಾನಿತ ಶಾಲೆಗಳ ಆಡಳಿತ ಮಂಡಳಿಗಳೂ ಕಟ್ಟಡಕ್ಕೆ ಬಣ್ಣ ಹಚ್ಚಿಸುವ ಉತ್ಸಾಹದಲ್ಲಿ ಸ್ವಲ್ಪವನ್ನು ಈ ಕಡೆಗೆ ತಿರುಗಿಸಬಹುದು.

ಶಾಲೆಯು ತನ್ನ ಗಂಟೆಯನ್ನೂ ಒಮ್ಮೆ ನೋಡಿಕೊಳ್ಳಬೇಕಾಗಿದೆ. ಹತ್ತನೆಯ ತರಗತಿಯವರಿಗೆ ಪರೀಕ್ಷೆಯ ಮುಂಚಿನ ತಿಂಗಳುಗಳಲ್ಲಿ ಸಂಜೆ ವಿಶೇಷ ತರಗತಿಗಳು ನಡೆಯುತ್ತವೆ. ತರಗತಿ ಆರು ಗಂಟೆಗೆ ಮುಗಿದು, ಊರಿನ ಕೊನೆಯ ಬಸ್ಸು ಐದೂವರೆಗೇ ಹೋಗಿದ್ದರೆ, ಹತ್ತಿರದ ಮಕ್ಕಳು ಉಳಿಯುತ್ತಾರೆ, ದೂರದ ಹುಡುಗಿಯರು ಏಳುತ್ತಾರೆ. ಹೆಚ್ಚಿನ ಪಾಠದ ಅಗತ್ಯ ಅನೇಕ ವೇಳೆ ಇರುವುದು ಹಾಗೆ ಎದ್ದುಹೋಗುವವರಿಗೇ. ವಿಶೇಷ ತರಗತಿಯ ವೇಳಾಪಟ್ಟಿಯನ್ನು ಹಲಗೆಗೆ ಅಂಟಿಸುವ ಮುನ್ನ ಮುಖ್ಯೋಪಾಧ್ಯಾಯರು ಡಿಪೋಕ್ಕೆ ಒಂದು ಪತ್ರ ಬರೆದು ಆ ಬಸ್ಸನ್ನು ಅರ್ಧ ತಾಸು ತಡೆಯುವಂತೆ ಕೇಳಬಹುದು; ಆಗದೆಂದರೆ ಅದೇ ತರಗತಿಯನ್ನು ಬೆಳಗಿನ ವಸ್ತಿ ಬಸ್ಸು ಬರುವ ಹೊತ್ತಿಗೆ ಇರಿಸಿಕೊಳ್ಳಬಹುದು.