ಎರಡು ಬೆರಳಿನ ಪಾಠ

ಮಲೆನಾಡಿನ ಊರೊಂದರಿಂದ ಬಂದ ಪತ್ರ ಹದಿನೈದು ದಿನದಿಂದ ನನ್ನ ಮೇಜಿನ ಮೇಲಿದೆ. ಬರೆದವರು ಈ ಅಂಕಣದ ಓದುಗರು, ಮನೆಯ ಸೊಸೆ. ಮಾವನವರಿಗೆ 67 ವರ್ಷ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅತ್ತೆ ತೀರಿಕೊಂಡು ವರ್ಷ ತುಂಬಿತು. ಹೋದ ತಿಂಗಳು ಊಟಕ್ಕೆ ಕೂತಾಗ ಅವರು, "ಗಿಟಾರ್ ಕಲೀಬೇಕು ಅಂತಿದ್ದೀನಿ. ವಾರಕ್ಕೊಂದು ಪಾಠ. ಜಾಝ್ ಅಂತ ಇದೆಯಲ್ಲ, ಅದು" ಅಂದರಂತೆ. ಮಗ ನಕ್ಕುಬಿಟ್ಟರಂತೆ. "ಅವರು ಸಿಟ್ಟು ಮಾಡಿಕೊಳ್ಳಲಿಲ್ಲ ಸಾರ್. ಆದರೆ ಆಮೇಲೆ ಆ ಮಾತು ಎತ್ತಲೇ ಇಲ್ಲ. ನೀವೂ ಗಿಟಾರ್ ಕಲಿಯುತ್ತಿರುವುದಾಗಿ ಹಿಂದೊಮ್ಮೆ ಬರೆದಿದ್ದಿರಿ. ಇದು ಹುಚ್ಚೋ, ಒಳ್ಳೆಯದೋ, ನೀವೇ ಹೇಳಿ" ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಅವರ ಮಗಳು, ಐದನೇ ಕ್ಲಾಸಿನವಳು, ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾಳೆ: "ಜಾಝ್ ಅಂದರೆ ಏನು ಅಜ್ಜ?"

ಮಗುವಿನ ಪ್ರಶ್ನೆಯೇ ಮೊದಲು.

ಪುಟ್ಟೀ, ನಿಮ್ಮ ಕಡೆ ತಾಳಮದ್ದಳೆ ನೋಡಿರುತ್ತೀಯಲ್ಲ? ಭಾಗವತರು ಹಾಡುವ ಪದ್ಯ ಮೊದಲೇ ಗೊತ್ತಿರುವುದು. ಕಥೆಯೂ ಗೊತ್ತಿರುವುದೇ. ಆದರೆ ಅರ್ಥಧಾರಿ ಆಡುವ ಮಾತು ಆ ರಾತ್ರಿ, ಆ ಕ್ಷಣದಲ್ಲಿ ಹುಟ್ಟುವುದು. ಎದುರು ಕೂತವನು ಏನು ಕೇಳಿದನೋ ಅದಕ್ಕೆ ತಕ್ಕ ಉತ್ತರ. ನಾಳೆ ಇದೇ ಪ್ರಸಂಗವಾದರೂ ಮಾತು ಬೇರೆ. ಜಾಝ್ ಕೂಡ ಹೀಗೆಯೇ. ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಮೊದಲು ನೆಟ್ಟಗೆ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅದೇ ಹಾಡಿನ ಅಳತೆಯೊಳಗೆ ಹೊಸ ರಾಗ ಕಟ್ಟುತ್ತಾರೆ. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ಉತ್ತರ ಕೊಡುತ್ತಾನೆ. ಕೊನೆಗೆ ಎಲ್ಲರೂ ಮೂಲ ಹಾಡಿಗೆ ಮರಳುತ್ತಾರೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಬಂದರು ನಗರದಲ್ಲಿ, ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ, ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ ಇದು.

ನಮ್ಮ ಕಚೇರಿಯ ಕಲ್ಪನಾಸ್ವರದ ಹಾಗೇ ಆಯಿತಲ್ಲ ಎಂದು ನಿಮ್ಮ ಅಜ್ಜ ಕೇಳಬಹುದು. ಬಹಳ ಮಟ್ಟಿಗೆ ಹೌದು. ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ತಂಬೂರಿ ಕಚೇರಿ ಮುಗಿಯುವವರೆಗೂ ಅದೇ ಷಡ್ಜ ಹಿಡಿದಿರುತ್ತದೆ. ನಿಂತ ನೆಲ ಕದಲುವುದಿಲ್ಲ. ಜಾಝಿನಲ್ಲಿ ಕಾಲಡಿಯ ನೆಲವೇ ಒಂದೆರಡು ಆವರ್ತಕ್ಕೊಮ್ಮೆ ಬದಲಾಗುತ್ತದೆ. ಹಾಗೆ ಬದಲಾಗುವ ನೆಲಕ್ಕೆ ಕಾರ್ಡ್ ಎನ್ನುತ್ತಾರೆ. ಎಟಿಎಂ ಕಾರ್ಡಲ್ಲ, ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟುವುದು. ಗಿಟಾರಿನವನ ಮೊದಲ ಕೆಲಸ ಈ ನೆಲ ಹಾಸುವುದು. ಅದರ ಮೇಲೆ ಓಡಾಡುವುದು ಆಮೇಲಿನ ಮಾತು.

ಈಗ ಸೊಸೆಯವರಿಗೆ. ತಾಯೀ, ಮಾವನವರನ್ನು ಕಳಿಸಿ. ಹುಚ್ಚು ಅನ್ನುವವರು ಅನ್ನಲಿ.

ಗಣಿತದ ಮೇಷ್ಟ್ರು ಬೇರೆ ಅಂತೀರಿ. ಹಾಗಾದರೆ ಅವರಿಗೆ ಒಂದು ಸಂಗತಿ ಓದಿ ಹೇಳಿ. ಜಾಝಿನ ನೂರಾರು ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಕಾರ್ಡುಗಳ ಒಂದು ಸರಣಿ ಇದೆ. ಶಂಕರಾಭರಣದ ಸ್ವರಗಳನ್ನೇ ಇಟ್ಟುಕೊಂಡು ಹೇಳುವುದಾದರೆ, ಮೊದಲನೆಯದು ರಿ-ಮ-ದ-ಸ, ಎರಡನೆಯದು ಪ-ನಿ-ರಿ-ಮ, ಮೂರನೆಯದು ಸ-ಗ-ಪ-ನಿ. ನಾಲ್ಕು ನಾಲ್ಕು ಸ್ವರ, ಒಂದಾದ ಮೇಲೊಂದು ಬೇರೆ ಬೇರೆ ಹಿಡಿತ. ಹೊಸಬರಿಗೆ ನೋಡಿಯೇ ಬೆರಳು ಸೋಲುತ್ತದೆ. ಆದರೆ ಪ್ರತಿ ಕಾರ್ಡಿನಲ್ಲೂ ಎರಡು ಸ್ವರಗಳಲ್ಲಿ ಅದರ ಜೀವ ಇರುತ್ತದೆ. ಮೊದಲನೆಯದರಲ್ಲಿ ಮ ಮತ್ತು ಸ. ಎರಡನೆಯದರಲ್ಲಿ ಮ ಮತ್ತು ನಿ. ಮೂರನೆಯದರಲ್ಲಿ ಗ ಮತ್ತು ನಿ. ಗಮನಿಸಿದಿರಾ? ಒಂದರಿಂದ ಎರಡಕ್ಕೆ ಹೋಗುವಾಗ ಮ ಅಲ್ಲೇ ನಿಂತಿದೆ, ಸ ಮಾತ್ರ ನಿ ಆಯಿತು. ಎರಡರಿಂದ ಮೂರಕ್ಕೆ ಹೋಗುವಾಗ ನಿ ನಿಂತಿದೆ, ಮ ಮಾತ್ರ ಗ ಆಯಿತು. ಪ್ರತಿ ಸಲವೂ ಒಂದು ಬೆರಳು ನಿಲ್ಲುತ್ತದೆ, ಇನ್ನೊಂದು ಒಂದೇ ಒಂದು ಮನೆ ಕೆಳಗಿಳಿಯುತ್ತದೆ.

ಮನೆಯಲ್ಲಿ ಗಿಟಾರ್ ಇರುವ ಮಕ್ಕಳು ಈಗಲೇ ಮಾಡಿ ನೋಡಬಹುದು. ಅತಿ ಸಣ್ಣ ತಂತಿಯಿಂದ ಎಣಿಸುತ್ತ ಬನ್ನಿ. ನಾಲ್ಕನೇ ತಂತಿಯಲ್ಲಿ 3ನೇ ಮನೆ, ಮೂರನೇ ತಂತಿಯಲ್ಲಿ 5ನೇ ಮನೆ. ಎರಡನ್ನೂ ಒಟ್ಟಿಗೆ ಮೀಟಿ. ಆಮೇಲೆ ಮೂರನೇ ತಂತಿಯ ಬೆರಳನ್ನು 4ಕ್ಕೆ ಇಳಿಸಿ. ಅದಾದ ಮೇಲೆ ನಾಲ್ಕನೇ ತಂತಿಯ ಬೆರಳನ್ನು 2ಕ್ಕೆ ಇಳಿಸಿ. ಅಷ್ಟೇ. ಮೊದಲ ಹೆಜ್ಜೆಯಲ್ಲಿ ಹೊರಗೆ ಹೋದ ಹಾಗೆ, ಎರಡನೆಯದರಲ್ಲಿ ಗೇಟಿನ ಹತ್ತಿರ ತಡೆದು ನಿಂತ ಹಾಗೆ, ಮೂರನೆಯದರಲ್ಲಿ ಮನೆಯೊಳಗೆ ಬಂದು ಚಪ್ಪಲಿ ಬಿಟ್ಟ ಹಾಗೆ ಕೇಳುತ್ತದೆ. ನನ್ನ ಮೇಷ್ಟ್ರು ಇದನ್ನು ತೋರಿಸಿದ ದಿನ ನಾನು ರಾತ್ರಿ ಹನ್ನೊಂದರವರೆಗೆ ಇದನ್ನೇ ನುಡಿಸುತ್ತ ಕೂತಿದ್ದೆ. ಬ್ಯಾಂಕಿನಲ್ಲಿ ದಿನದ ಲೆಕ್ಕ ಪೈಸೆಗೆ ಪೈಸೆ ಕೂಡಿಬಂದಾಗ ಆಗುತ್ತಿದ್ದ ಸಮಾಧಾನವೇ ಅದು.

ಬೆರಳು ಓಡುವುದಿಲ್ಲವಲ್ಲ ಎಂಬ ಚಿಂತೆ ಸಹಜ. ಜಾಝ್ ಗಿಟಾರಿನ ಇತಿಹಾಸದಲ್ಲಿ ಇದಕ್ಕೆ ಒಳ್ಳೊಳ್ಳೆಯ ಉತ್ತರಗಳಿವೆ. ಜ್ಯಾಂಗೋ ರೈನ್‌ಹಾರ್ಟ್‌ಗೆ 1928ರಲ್ಲಿ ಬೆಂಕಿ ಅನಾಹುತವಾಗಿ ಎಡಗೈಯ ಕೊನೆಯ ಎರಡು ಬೆರಳು ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾದವು. ಆಗ ವಯಸ್ಸು 18. ಉಳಿದ ಎರಡು ಬೆರಳಿನಲ್ಲೇ ಹೊಸದಾಗಿ ದಾರಿ ಹುಡುಕಿಕೊಂಡು ಯುರೋಪಿನ ಜಾಝಿಗೇ ಹೆಸರು ತಂದ. ಇಂಡಿಯಾನಾಪೊಲಿಸ್‌ನ ವೆಸ್ ಮಾಂಟ್‌ಗೊಮರಿ ಆರು ತಂತಿಯ ಗಿಟಾರನ್ನು ಗಂಭೀರವಾಗಿ ಹಿಡಿದದ್ದೇ ಇಪ್ಪತ್ತರ ಆಸುಪಾಸಿನಲ್ಲಿ, ಮದುವೆಯಾದ ಮೇಲೆ. ಚಾರ್ಲಿ ಕ್ರಿಶ್ಚಿಯನ್ ಎಂಬಾತನ ರೆಕಾರ್ಡು ಹಾಕಿಕೊಂಡು ಕಿವಿಯಿಂದಲೇ ಕಲಿತದ್ದು. ಹಗಲು ಕಾರ್ಖಾನೆ ಕೆಲಸ. ರಾತ್ರಿ ಅಕ್ಕಪಕ್ಕದವರ ನಿದ್ದೆ ಕೆಡದಿರಲೆಂದು ಮೀಟುಕಡ್ಡಿ ಬಿಟ್ಟು ಹೆಬ್ಬೆರಳಿನಲ್ಲಿ ನುಡಿಸಿದ. ಆ ಮೆತ್ತನೆಯ ನಾದವೇ ಅವನ ಗುರುತಾಯಿತು.

ಪ್ಯಾಟ್ ಮಾರ್ಟಿನೋ ಕಥೆ ಇನ್ನೂ ವಿಚಿತ್ರ. ಹೆಸರು ಮಾಡಿದ ಕಲಾವಿದ. 1980ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾಗಿ ನೆನಪೇ ಅಳಿಸಿಹೋಯಿತು, ಗಿಟಾರೂ ಮರೆತುಹೋಯಿತು. ತನ್ನವೇ ಹಳೆಯ ರೆಕಾರ್ಡುಗಳನ್ನು ಕೇಳುತ್ತ ಆತ ಮತ್ತೆ ಕಲಿತ. 1987ರಲ್ಲಿ 'ದಿ ರಿಟರ್ನ್' ಎಂಬ ಆಲ್ಬಂ ಬಂತು. ತನಗೇ ತಾನು ಶಿಷ್ಯನಾಗುವುದು ಎಂದರೆ ಇದು.

ನನಗೆ ಇಷ್ಟವಾದವನು ಮಾತ್ರ ಫ್ರೆಡಿ ಗ್ರೀನ್. ಕೌಂಟ್ ಬೇಸಿ ಬ್ಯಾಂಡಿಗೆ 1937ರಲ್ಲಿ ಸೇರಿದವನು 1987ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಐವತ್ತು ವರ್ಷ, ಒಂದೇ ಕುರ್ಚಿ. ಒಂಟಿಯಾಗಿ ಮೆರೆದದ್ದು ಅಪರೂಪ. ನಾಲ್ಕು ಎಣಿಕೆಗೂ ನಾಲ್ಕು ಮೀಟು, ಅದೂ ಎರಡು ಮೂರು ಸ್ವರ ಮಾತ್ರ. ಅವನು ನಿಂತರೆ ಬ್ಯಾಂಡು ಕುಂಟುತ್ತಿತ್ತು. ಕೌಂಟರಿನ ಹಿಂದೆ ಕೂತು ಜೀವಮಾನ ಕಳೆದ ನನ್ನಂಥವನಿಗೆ ಅವನ ಮೇಲೆ ಪ್ರೀತಿ ಬಾರದೆ ಇರುತ್ತದೆಯೇ?

ಪಾಶ್ಚಾತ್ಯ ವಾದ್ಯ ನಮಗೇಕೆ ಎಂದು ಮನೆಯಲ್ಲಿ ಯಾರಾದರೂ ಅಂದರೆ, ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಹಾಕಿ ಕೇಳಿಸಿ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆಗೂಡಿ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಅದರಲ್ಲಿ ಜಾಝ್ ಗಿಟಾರೂ ಇದೆ, ನುಡಿಸಿರುವುದು ಕರಾಚಿಯಲ್ಲಿ ಹುಟ್ಟಿದ ರೆಜ್ ಅಬ್ಬಾಸಿ.

ಪಾಠದ ವಿಷಯಕ್ಕೆ ಬರುತ್ತೇನೆ. ವೀಡಿಯೋ ನೋಡಿ ಕಲಿಯಬಹುದಲ್ಲ, ಫೀಸು ಯಾಕೆ ಎಂದು ನಿಮ್ಮ ಯಜಮಾನರು ಕೇಳಿದ್ದಾರಂತೆ. ವೀಡಿಯೋದಲ್ಲಿರುವವನು ನಿಮ್ಮ ಮಾವನವರು ನುಡಿಸಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ದೊಡ್ಡವರು ಕಲಿಯುವಾಗ ಇದೇ ಮುಖ್ಯ. ಮಕ್ಕಳಿಗೆ ಕೈ ಮತ್ತು ಕಿವಿ ಜೊತೆಯಾಗಿ ಬೆಳೆಯುತ್ತವೆ. ಮೂರು ಸ್ವರ ನುಡಿಸಿದರೂ ಅದು ಅವರಿಗೆ ಹಾಡೇ. ಐವತ್ತು ವರ್ಷ ಒಳ್ಳೆಯ ಸಂಗೀತ ಕೇಳಿದವರ ಕಿವಿ ಬಹಳ ಮುಂದೆ ಹೋಗಿರುತ್ತದೆ, ಕೈ ಇನ್ನೂ ಅಂಬೆಗಾಲಿಡುತ್ತಿರುತ್ತದೆ. ತಾನು ನುಡಿಸಿದ್ದು ತನಗೇ ಸಹಿಸುವುದಿಲ್ಲ. ಒಂಟಿಯಾಗಿ ಕಲಿಯುವ ದೊಡ್ಡವರು ಬಿಟ್ಟುಬಿಡುವುದು ಹೆಚ್ಚಾಗಿ ಇಲ್ಲಿಯೇ. ಎದುರಿಗೊಬ್ಬರು ಕೂತು, ಮುಖ ಕಿವುಚದೆ ಪೂರ್ತಿ ಕೇಳಿ, "ಎರಡನೇ ಬೆರಳು ಎತ್ತಬೇಡಿ, ಇನ್ನೊಂದ್ಸಲ" ಎಂದರೆ ಆ ಅಸಹನೆಗೆ ಒಂದು ಕೆಲಸ ಸಿಕ್ಕಂತಾಗುತ್ತದೆ.

ನನ್ನ ಮೇಷ್ಟ್ರಿಗೆ ನನ್ನ ಅರ್ಧ ವಯಸ್ಸೂ ಇಲ್ಲ. ಅವರು ನನ್ನನ್ನು "ಅಂಕಲ್" ಅನ್ನುತ್ತಾರೆ, ನಾನು ಅವರನ್ನು "ಮೇಷ್ಟ್ರೇ" ಅನ್ನುತ್ತೇನೆ, ಇಬ್ಬರಿಗೂ ಸರಿಹೋಗಿದೆ. ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಕಡಿಮೆ, "ಇನ್ನೊಂದ್ಸಲ ಅಂಕಲ್" ಅಂದದ್ದಕ್ಕೆ ಲೆಕ್ಕವಿಲ್ಲ. ನುಡಿಸುವ ಮೊದಲು ಹಾಡಿಸುತ್ತಾರೆ. ಇದು ಅವರು ಹೊಸದಾಗಿ ಕಂಡುಹಿಡಿದದ್ದಲ್ಲ. ನ್ಯೂಯಾರ್ಕಿನಲ್ಲಿ ಲೆನ್ನಿ ಟ್ರಿಸ್ಟಾನೋ ಎಂಬ ಅಂಧ ಪಿಯಾನೋ ವಾದಕ ಮನೆಪಾಠ ಹೇಳುವಾಗ, ದೊಡ್ಡ ಕಲಾವಿದರ ರೆಕಾರ್ಡುಗಳನ್ನು ಶಿಷ್ಯರು ಮೊದಲು ಬಾಯಲ್ಲಿ ಪೂರ್ತಿ ಹಾಡಿ ಒಪ್ಪಿಸಬೇಕಿತ್ತು, ಆಮೇಲಷ್ಟೇ ವಾದ್ಯ. ಸರಳೆ ವರಸೆ ಬಾಯಿಪಾಠ ಮಾಡಿ ಬೆಳೆದ ನಮ್ಮ ಜನಕ್ಕೆ ಇದೇನೂ ಕಷ್ಟವಲ್ಲ.

ನಿಮ್ಮ ಊರಿನಲ್ಲಿ ಜಾಝ್ ಬಲ್ಲವರು ಸಿಗದಿರಬಹುದು. ಗಿಟಾರ್ ಚೆನ್ನಾಗಿ ಬಲ್ಲ ಯಾರಾದರೂ ಮೊದಲ ವರ್ಷಕ್ಕೆ ಸಾಕು. ದೂರದವರಿಂದ ವೀಡಿಯೋ ಕರೆಯಲ್ಲಿ ಪಾಠ ಮಾಡಿಸಬಹುದು, ಆದರೆ ಅದರಲ್ಲಿ ಸದ್ದು ಒಂದಿಷ್ಟು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲಾಗುವುದಿಲ್ಲ. ಒಟ್ಟಿಗೆ ನುಡಿಸುವುದೇ ಜಾಝ್ ಆದ್ದರಿಂದ ತಿಂಗಳಿಗೊಮ್ಮೆಯಾದರೂ ಎದುರು ಕೂತು ಕಲಿಯಲಿ.

ಗಿಟಾರ್ ದುಬಾರಿಯದು ಬೇಡ. ತಂತಿ ಹಲಗೆಗೆ ಹತ್ತಿರ ಕೂತಿರಬೇಕು, ತಂತಿ ತೆಳುವಾಗಿರಬೇಕು. ಬೆರಳ ತುದಿ ಮೊದಲ ಕೆಲವು ವಾರ ಉರಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳುವ ತೊಂದರೆ ಹೆಚ್ಚು. ಹಾಗಿದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಲಿ. ಭಾನುವಾರ ಎರಡು ಗಂಟೆ ಒದ್ದಾಡುವುದಕ್ಕಿಂತ ದಿನಾ ಬೆಳಿಗ್ಗೆ ಸಂಜೆ ಇಪ್ಪತ್ತಿಪ್ಪತ್ತು ನಿಮಿಷ ಮೇಲು. ಕಿವಿಯ ಬಗ್ಗೆ ಹೆದರಬೇಡಿ. ವಯಸ್ಸಾದಂತೆ ಮೊದಲು ಮಂಕಾಗುವುದು ಬಹಳ ಏರುಶ್ರುತಿಯ, ಚೂಪಾದ ಸದ್ದುಗಳು. ಜಾಝ್ ಗಿಟಾರಿನವರು ಬೇಕೆಂದೇ ಆ ಚೂಪನ್ನು ತಗ್ಗಿಸಿ ದುಂಡಗಿನ ನಾದ ಇಟ್ಟುಕೊಳ್ಳುತ್ತಾರೆ. ನನಗೀಗ ಕುಕ್ಕರಿನ ವಿಷಲ್ ಒಳಕೋಣೆಗೆ ಸರಿಯಾಗಿ ಕೇಳುವುದಿಲ್ಲ, ಗಿಟಾರ್ ಚೆನ್ನಾಗಿ ಕೇಳುತ್ತದೆ.

ಎಷ್ಟು ಕಲಿತಾರು ಎಂದರೆ, ನನ್ನ ಲೆಕ್ಕ ಹೇಳುತ್ತೇನೆ. ಹನ್ನೆರಡು ಆವರ್ತದ ಒಂದು ಬ್ಲೂಸನ್ನು ತಡವರಿಸದೆ ಮುಗಿಸಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ವೇದಿಕೆ ಹತ್ತುವ ಮಟ್ಟ ಈ ಜನ್ಮಕ್ಕಿಲ್ಲ. ನಿಮ್ಮ ಮಾವನವರೂ ಅದಕ್ಕಾಗಿ ಹೊರಟಿರಲಾರರು. ಹೆಂಡತಿ ಇದ್ದಾಗ "ಏನ್ ಮಾಡ್ತಾ ಇದೀರಿ?" ಎಂದು ದಿನಕ್ಕೆ ಹತ್ತು ಸಲ ಕೇಳುವ ಒಂದು ದನಿ ಇತ್ತು. ಈಗ ಮನೆಯವರೆಲ್ಲ "ಊಟ ಆಯ್ತಾ, ಮಾತ್ರೆ ಆಯ್ತಾ" ಎಂದು ಕೇಳುತ್ತೀರಿ, ಅದೂ ಪ್ರೀತಿಯೇ. ವಾರದ ಪಾಠದಲ್ಲಿ ಯಾರೋ ಒಬ್ಬರು "ಹೋದ ವಾರದ್ದು ಎಲ್ಲಿಗೆ ಬಂತು?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲು ಸೋಮವಾರ, ಮಂಗಳವಾರ, ಬುಧವಾರಗಳು ಬೇಕಾಗುತ್ತವೆ.

ಮಗನೇ ಈ ಮಾತನ್ನು ಮತ್ತೆ ಎತ್ತಲಿ, ನೀವಲ್ಲ. ನಕ್ಕವರೇ ಕೇಳಿದರೆ ಮಾವನವರಿಗೆ ಒಪ್ಪಿಕೊಳ್ಳುವುದು ಸುಲಭ. "ಅಪ್ಪಾ, ಗಿಟಾರ್ ನೋಡೋಕೆ ಯಾವತ್ತು ಹೋಗೋಣ?" ಅಷ್ಟು ಅಂದರೆ ಸಾಕು. ತಂದ ಮೇಲೆ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಬೇಡಿ. ಒಂದು ಸ್ಟ್ಯಾಂಡ್ ತಂದು ಅವರು ಕೂರುವ ಕುರ್ಚಿಯ ಪಕ್ಕದಲ್ಲೇ ನಿಲ್ಲಿಸಿ. ನೆಂಟರು ಬಂದಾಗ "ಒಂದು ಹಾಡು ನುಡಿಸಿ" ಎಂದು ಆರು ತಿಂಗಳು ಯಾರೂ ಕೇಳಬೇಡಿ. ನೆಲ ಹಾಸುವುದನ್ನು ಕಲಿಯುತ್ತಿರುವವರ ಹತ್ತಿರ ಹಾಡು ಇರುವುದಿಲ್ಲ. ಕೇಳುವವರಿಗೆ ಟಕ್ ಟಕ್ ಅನಿಸುತ್ತದೆ ಅಷ್ಟೇ.

ಪುಟ್ಟೀ, ನಿನಗೂ ಒಂದು ಕೆಲಸ ಇದೆ. ಅಜ್ಜ ಆ ಎರಡು ಬೆರಳಿನ ಪಾಠ ನುಡಿಸುವಾಗ ಪಕ್ಕದಲ್ಲಿ ಕೂತು ತಾಳ ಹಾಕು. ನಮ್ಮ ತಾಳದ ಹಾಗೆ ಮೊದಲ ಎಣಿಕೆಗೆ ತಟ್ಟಬೇಡ. ಒಂದಕ್ಕೆ ಸುಮ್ಮನಿರು, ಎರಡಕ್ಕೆ ಚಪ್ಪಾಳೆ. ಮೂರಕ್ಕೆ ಸುಮ್ಮನಿರು, ನಾಲ್ಕಕ್ಕೆ ಚಪ್ಪಾಳೆ. ಮೊದಮೊದಲು ಕೈ ತಾನಾಗಿ ಒಂದಕ್ಕೇ ಓಡುತ್ತದೆ. ನಿಧಾನಕ್ಕೆ ಎಣಿಸು. ಅಜ್ಜ ತಪ್ಪಿದರೆ ನಿಲ್ಲಿಸಬೇಡ, ನೀನು ತಟ್ಟುತ್ತಲೇ ಇರು. ಅವರು ಎಲ್ಲಿ ಸೇರಿಕೊಳ್ಳಬೇಕೋ ಅಲ್ಲಿ ಬಂದು ಸೇರಿಕೊಳ್ಳುತ್ತಾರೆ.