ಬೀಗ ಹಾಕುವ ಮುನ್ನ ಬೆಕ್ಕು ನೆನಪಿರಲಿ

ಪೆರ್ನಾಲ್ ರಜೆ ಬಂದರೆ ಸಾಕು, ಬ್ಯಾಗು ತುಂಬಿಸಿ ಊರಿಗೆ ಹೊರಟೇ ಬಿಡುತ್ತೇವೆ. ಸಾಕಿದ ಬೆಕ್ಕಿನ ಕಥೆ? "ಅನ್ನ-ಮೀನು ಇಟ್ಟಿದ್ದೇವೆ, ಪಕ್ಕದ ಮನೆಯವರು ನೋಡ್ತಾರೆ" ಅನ್ನುತ್ತೇವೆ. ಪಕ್ಕದ ಮನೆಯವರಿಗೆ ಹಬ್ಬ ಇಲ್ವಾ?

ನಮ್ಮ ಕರಾವಳಿಯ ಸೆಕೆಗೆ ಅನ್ನ-ಮೀನು ಸಂಜೆಯೊಳಗೆ ಹಳಸುತ್ತದೆ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪಗಿನ ಬೆಕ್ಕಾದರೆ, ಲಿವರ್ ಕೆಟ್ಟು ಜೀವಕ್ಕೇ ಅಪಾಯ ಬರಬಹುದು.

ಬೆಕ್ಕನ್ನು ಕಟ್ಟಿಹಾಕಿ, ತಾನೂ ಕೊಡದೆ, ಅದಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಒಳಗಾದ ಹದೀಸನ್ನು ಮದ್ರಸದಲ್ಲೇ ಕೇಳಿದವರು ನಾವು. ಆ ಹಗ್ಗಕ್ಕೂ ನಾವು ಹಾಕುವ ಬೀಗಕ್ಕೂ ಏನು ವ್ಯತ್ಯಾಸ?

"ಯಾರಾದರೂ ನೋಡ್ತಾರೆ" ಅಂದರೆ ಯಾರೂ ನೋಡುವುದಿಲ್ಲ ಎಂದೇ ಅರ್ಥ. ಒಬ್ಬರನ್ನು ಕೇಳಿ, ಅವರು ಒಪ್ಪಿದ ಮೇಲೆ ಜವಾಬ್ದಾರಿ ವಹಿಸಿ. ವಾರ ಮೊದಲೇ ಕರೆದು ಬೆಕ್ಕಿಗೆ ಪರಿಚಯ ಮಾಡಿಸಿ. ಕೀ, ಅದು ದಿನವೂ ತಿನ್ನುವ ಆಹಾರ, ಲಸಿಕೆ ಕಾರ್ಡು, ಪಶುವೈದ್ಯರ ನಂಬರು, ಖರ್ಚಿನ ಹಣ ಕೈಗೆ ಕೊಡಿ. ದಿನಕ್ಕೆರಡು ಸಲ ಬಂದು ಒಂದು ಫೋಟೋ ಕಳಿಸಲಿ. ಅಂಥವರು ಸಿಗದಿದ್ದರೆ ಬೆಕ್ಕನ್ನೂ ಜೊತೆಗೆ ಒಯ್ಯಿರಿ, ಇಲ್ಲವೇ ಪ್ರಯಾಣವನ್ನೇ ಎರಡು ದಿನ ಕಡಿಮೆ ಮಾಡಿ. ಮಾತು ಬಾರದ ಜೀವ ನಮ್ಮ ಕೈಗೆ ಕೊಟ್ಟ ಅಮಾನತ್.